ಬೈಕಿಗೂ ಒಂದು ಚಳಿಗಾಲದ ನಿದ್ದೆ

ಇಲ್ಲಿ ಏನನ್ನೂ ಬರೆಯದೆ ಮೂರು ತಿಂಗಳ ಮೇಲಾಯಿತು. ಸೋಮಾರಿ ಅಂತ ಬೈಯುವವರು ಬೈದುಬಿಡಿ, ಒಪ್ಪಿಕೊಳ್ಳುತ್ತೇನೆ. ಈ ಸಲ ತಂದಿರುವ ಸರಕು ಸ್ವಲ್ಪ ವಿಚಿತ್ರದ್ದು. ಚಳಿಗಾಲಕ್ಕೆ ಮುಂಚೆ ಬೈಕನ್ನು ಮಲಗಿಸುವ ಕೆಲಸದ ಚರಿತ್ರೆ. "ಅದಕ್ಕೂ ಒಂದು ಚರಿತ್ರೆಯೇ?" ಅಂತ ನಗಬೇಡಿ. ನಾನೂ ಹಾಗೇ ನಕ್ಕಿದ್ದೆ. ಆಮೇಲೆ ನನ್ನ ಬ್ಯಾಟರಿ ಸೀಳಿತು :)

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ, ನೆಕರ್ ನದಿಯ ಪಕ್ಕದ ಕಾನ್‌ಸ್ಟಾಟ್ ಎಂಬ ಬಡಾವಣೆಯಲ್ಲಿ. ಹುಟ್ಟಿ ಬೆಳೆದದ್ದು ಮೈಸೂರು. ನಮ್ಮಲ್ಲಿ ಆಯುಧಪೂಜೆಯ ದಿನ ಗಾಡಿ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಒಂದು ರೌಂಡು ಹೊಡೆಯುತ್ತೇವಲ್ಲ, ಅದಾಗಿ ಎರಡು ಮೂರು ವಾರಕ್ಕೆ ಇಲ್ಲಿಯವರೂ ಗಾಡಿ ತೊಳೆಯಲು ಶುರು ಮಾಡುತ್ತಾರೆ. ನಾವು ತೊಳೆಯುವುದು ಓಡಿಸುವುದಕ್ಕೆ, ಇವರು ತೊಳೆಯುವುದು ನಿಲ್ಲಿಸುವುದಕ್ಕೆ. ಅಕ್ಟೋಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಬೈಕು ಶೆಡ್ಡಿನಲ್ಲಿ ಮಲಗಿರುತ್ತದೆ. ಇದಕ್ಕೆ ಜರ್ಮನ್ನರು ಬಳಸುವ ಮಾತು 'ಐನ್‌ಮೊಟ್ಟನ್'. ನುಸಿಗುಳಿಗೆ ಹಾಕಿ ಎತ್ತಿಡುವುದು ಅಂತ ಅದರ ಮೂಲ ಅರ್ಥ. ನಮ್ಮ ಅಮ್ಮಂದಿರು ರೇಷ್ಮೆ ಸೀರೆಯನ್ನು ಬೀರುವಿನಲ್ಲಿ ಇಡುವ ಹಾಗೆ.

ಇಲ್ಲಿಗೆ ಬಂದ ಮೊದಲ ವರ್ಷ ಕೊಂಡ ಸೆಕೆಂಡ್ ಹ್ಯಾಂಡ್ ಬೈಕನ್ನು ಚಳಿ ಬಂದಾಗ ಸುಮ್ಮನೆ ಒಂದು ಪ್ಲಾಸ್ಟಿಕ್ ಕವರ್ ಹೊದಿಸಿ ಹಿತ್ತಲಲ್ಲಿ ನಿಲ್ಲಿಸಿದ್ದೆ. ಮಾರ್ಚ್‌ನಲ್ಲಿ ಕವರ್ ತೆಗೆದರೆ ಬ್ಯಾಟರಿ ಊದಿಕೊಂಡು ಸೀಳಿತ್ತು, ಟ್ಯಾಂಕಿನ ಒಳಗೆ ಕಂದು ಬಣ್ಣದ ತುಕ್ಕು, ಪ್ಲಾಸ್ಟಿಕ್ಕಿನ ಅಡಿ ಬೆವರಿ ಬೆವರಿ ಕ್ರೋಮ್ ಎಲ್ಲ ಚುಕ್ಕಿ ಚುಕ್ಕಿ. ಕೆಳಮನೆಯ ಅಜ್ಜ, ಎಂಬತ್ತರ ಹತ್ತಿರದವರು, ಬಂದು ಬಗ್ಗಿ ನೋಡಿದರು. "ನೀವು ಇದನ್ನು ಮಲಗಿಸಲಿಲ್ಲ, ಬಿಟ್ಟುಹೋದಿರಿ. ಎರಡೂ ಒಂದೇ ಅಲ್ಲ" ಅಂದರು. ಆಮೇಲೆ ಒಂದು ರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಪಟ್ಟಿ ಬರೆದುಕೊಟ್ಟರು. ತೊಳೆದು ಪೂರ್ತಿ ಒಣಗಿಸು. ಇಂಜಿನ್ ಬಿಸಿ ಇರುವಾಗಲೇ ಆಯಿಲ್ ಬದಲಿಸು. ಟ್ಯಾಂಕು ಕತ್ತಿನವರೆಗೆ ತುಂಬಿಸು, ಆದರೆ ಕಾರ್ಬುರೇಟರ್ ಖಾಲಿ ಮಾಡು. ಬ್ಯಾಟರಿ ಬಿಚ್ಚಿ ಒಳಗಿಟ್ಟು ಆಗಾಗ ಚಾರ್ಜ್ ಮಾಡು. ಕ್ರೋಮ್‌ಗೆ ವ್ಯಾಸಲೀನ್ ಸವರು. ಚೈನಿಗೆ ಗ್ರೀಸು. ಟೈರಿಗೆ ಸ್ವಲ್ಪ ಹೆಚ್ಚು ಗಾಳಿ. ಇಲಿ ನುಗ್ಗದ ಹಾಗೆ ಸೈಲೆನ್ಸರ್ ಬಾಯಿಗೆ ಬಟ್ಟೆ. ಮೇಲೆ ಹೊದಿಸುವುದು ಗಾಳಿಯಾಡುವ ಹಳೇ ಬೆಡ್‌ಶೀಟು, ಪ್ಲಾಸ್ಟಿಕ್ ಅಲ್ಲ.

ಆ ರಟ್ಟು ಇನ್ನೂ ನನ್ನ ಶೆಡ್ಡಿನಲ್ಲಿದೆ. ಅಡುಗೆಮನೆಯ ಶಾಸ್ತ್ರದ ಹಾಗೆ ಇದೂ ಹಿಂದಿನಿಂದ ಬಂದದ್ದಿರಬೇಕು ಅಂದುಕೊಂಡಿದ್ದೆ. ಓದುತ್ತ ಹೋದಂತೆ ಗೊತ್ತಾಯಿತು, ಅದರ ಒಂದೊಂದು ಸಾಲಿಗೂ ಒಂದೊಂದು ತಾರೀಖಿದೆ. ಈ ಮಲಗಿಸುವ ಪದ್ಧತಿಯಂತೂ ನಾವೆಣಿಸಿದಷ್ಟು ಹಳೆಯದೇ ಅಲ್ಲ.

ಮೊದಲ ಬೈಕು ಓಡಿದ್ದೇ ನವೆಂಬರ್‌ನಲ್ಲಿ!

ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ತೋಟದ ಮನೆ ಇದೆ, ಈಗ ಅದೊಂದು ಸಣ್ಣ ಮ್ಯೂಸಿಯಂ. ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೈಬಾಖ್ ಅಲ್ಲಿ ಕೂತು ಪೆಟ್ರೋಲ್ ಇಂಜಿನ್ನನ್ನು ಒಂದು ಮರದ ಚೌಕಟ್ಟಿಗೆ ಕೂರಿಸಿದರು. 1885ರ ಆಗಸ್ಟ್‌ನಲ್ಲಿ ಪೇಟೆಂಟು. ಅದೇ ವರ್ಷದ ನವೆಂಬರ್‌ನಲ್ಲಿ ಅದು ಕಾನ್‌ಸ್ಟಾಟ್‌ನಿಂದ ಪಕ್ಕದ ಉಂಟರ್‌ಟುರ್ಕ್‌ಹೈಮ್ ಕಡೆಗೆ ಓಡಿತು. ಅರ್ಧ ಅಶ್ವಶಕ್ತಿ, ಗಂಟೆಗೆ ಹೆಚ್ಚೆಂದರೆ 12 ಕಿಲೋಮೀಟರ್. ಇಂದು ಇದೇ ಊರಿನಲ್ಲಿ ಎಲ್ಲರೂ ಬೈಕಿಗೆ ಬೆಡ್‌ಶೀಟು ಹೊದಿಸುವ ತಿಂಗಳಲ್ಲಿ ಜಗತ್ತಿನ ಮೊದಲ ಮೋಟಾರ್ ಬೈಕು ಹೊರಗೆ ಬಂದಿತ್ತು.

ಅದಕ್ಕೆ ಬ್ಯಾಟರಿ ಇರಲಿಲ್ಲ. ಬರ್ನರ್ ಉರಿಯಿಂದ ಕೆಂಪಗೆ ಕಾಯಿಸಿದ ಒಂದು ನಳಿಗೆಯೇ ಇಂಧನಕ್ಕೆ ಬೆಂಕಿ ಕೊಡುತ್ತಿತ್ತು. ಅದೂ ಸವಾರನ ಸೀಟಿನ ಕೆಳಗೆ! ಚಳಿಗೆ ಒಳ್ಳೆಯದೇ ಬಿಡಿ. ಮೂಲ ಗಾಡಿ 1903ರಲ್ಲಿ ಕಾನ್‌ಸ್ಟಾಟ್ ಕಾರ್ಖಾನೆಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು. ಮ್ಯೂಸಿಯಂಗಳಲ್ಲಿ ನಾವು ನೋಡುವುದೆಲ್ಲ ಅದರ ಪ್ರತಿಕೃತಿಗಳು.

ಬೇರೆ ಗಾಡಿ ಇಲ್ಲದವರಿಗೆ ಎಲ್ಲಿಯ ನಿದ್ದೆ?

ಎರಡನೇ ಮಹಾಯುದ್ಧ ಮುಗಿದು ಜರ್ಮನಿ ಕಲ್ಲುಮಣ್ಣಿನ ರಾಶಿಯಿಂದ ಏಳುತ್ತಿದ್ದ ಕಾಲಕ್ಕೆ ಬನ್ನಿ. ಕಾರು ಶ್ರೀಮಂತರದ್ದು. ಕಾರ್ಖಾನೆಗೆ ಹೋಗುವ ಕಾರ್ಮಿಕನಿಗೆ, ಹಳ್ಳಿ ಸುತ್ತುವ ದಾದಿಗೆ, ಮೇಸ್ತ್ರಿಗೆ ಇದ್ದದ್ದು ಬೈಕು. ಸಂಸಾರವಂದಿಗನಾದರೆ ಪಕ್ಕಕ್ಕೊಂದು ಸೈಡ್‌ಕಾರು. ಇದೇ ನೆಕರ್ ನದಿಯ ಗುಂಟ ಕೆಳಗೆ ಹೋದರೆ ಸಿಗುವ ನೆಕರ್‌ಸುಲ್ಮ್ ಊರಿನ ಎನ್‌ಎಸ್‌ಯು ಕಂಪನಿ 1955ರ ಸುಮಾರಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಬೈಕು ತಯಾರಿಸುತ್ತಿತ್ತು. ಆ ಬೈಕುಗಳೆಲ್ಲ ಹಿಮದಲ್ಲೂ ಓಡಿದವು. ಕೋಟಿನ ಒಳಗೆ ಎದೆಗೆ ನ್ಯೂಸ್‌ಪೇಪರ್ ಇಟ್ಟುಕೊಂಡು ಹೊರಡುತ್ತಿದ್ದರಂತೆ. ಕೆಳಮನೆಯ ಅಜ್ಜನ ತಂದೆಯೂ ಅಂಥವರೇ. "ಅವರ ಗಾಡಿ ಒಂದು ಚಳಿಗಾಲವೂ ಮಲಗಲಿಲ್ಲ. ಅದು ಮಲಗಿದ್ದರೆ ನಮಗೆ ಊಟ ಇರುತ್ತಿರಲಿಲ್ಲ" ಅಂದರು ಅಜ್ಜ. ಮೈಸೂರಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಜಡಿಮಳೆಯಲ್ಲಿ ಬರುತ್ತಿದ್ದವರ ನೆನಪಾಯಿತು ನನಗೆ.

ಹಾಗಾದರೆ ಬೈಕು ಮಲಗಿದ್ದು ಯಾವಾಗ? ಮನೆಗೆ ಕಾರು ಬಂದಾಗ.

1955ರಲ್ಲಿ ಬಿಎಂಡಬ್ಲ್ಯು ಕಂಪನಿ ಮೊಟ್ಟೆಯ ಆಕಾರದ, ಮುಂದಿನಿಂದ ಬಾಗಿಲು ತೆರೆಯುವ ಇಸೆಟ್ಟಾ ಎಂಬ ಪುಟ್ಟ ಕಾರು ತಂದಿತು. ಒಳಗಿದ್ದದ್ದು ಬೈಕಿನದೇ ಇಂಜಿನ್, ಬೈಕಿನ ಲೈಸೆನ್ಸಿನಲ್ಲೇ ಓಡಿಸಬಹುದಿತ್ತು. ಮೇಲೊಂದು ಸೂರು ಸಿಕ್ಕಿತಲ್ಲ! ಅದೇ ವರ್ಷ ಫೋಕ್ಸ್‌ವಾಗನ್ ಬೀಟಲ್ 10 ಲಕ್ಷದ ಸಂಖ್ಯೆ ದಾಟಿತು. ಕೆಲವೇ ವರ್ಷಗಳಲ್ಲಿ ಬೈಕಿನ ಮಾರುಕಟ್ಟೆ ಕುಸಿಯಿತು, ಒಂದರ ಹಿಂದೊಂದು ಕಂಪನಿ ಬಾಗಿಲು ಹಾಕಿತು ಇಲ್ಲವೇ ಬೇರೆ ಕಸುಬಿಗಿಳಿಯಿತು.

ಆಗಲೂ ಹಟ ಬಿಡದ ಕೆಲವರಿದ್ದರು. 1956ರ ಚಳಿಗಾಲದಲ್ಲಿ ಎರ್ನ್ಸ್ಟ್ ಲೆವರ್ಕುಸ್ ಎಂಬ ಬೈಕು ಪತ್ರಕರ್ತ ಸ್ಟುಟ್‌ಗಾರ್ಟ್ ಹತ್ತಿರದ ಸಾಲಿಟ್ಯೂಡ್ ರೇಸ್ ಟ್ರ್ಯಾಕಿನ ಬಳಿ ಬೈಕು ಸವಾರರನ್ನು ಸೇರಿಸಿದ. ಬಂದವರು ಬೆರಳೆಣಿಕೆಯ ಮಂದಿ, ಹೆಚ್ಚಿನವರದು ಜುಂಡಾಪ್ ಕಂಪನಿಯ ಕೆಎಸ್ 601 ಗಾಡಿ. ಹಸಿರು ಬಣ್ಣದ ಆ ಭಾರೀ ಗಾಡಿಗೆ 'ಹಸಿರು ಆನೆ' ಅಂತ ಅಡ್ಡಹೆಸರು. ಹಾಗಾಗಿ ಸಭೆಯ ಹೆಸರು ಆನೆಗಳ ಕೂಟ. ಮೈಸೂರಿನವನಿಗೆ ಆನೆ ಅಂದರೆ ದಸರಾ, ಇವರಿಗೆ ಹಿಮದಲ್ಲಿ ಬೈಕು :) ಆ ಕೂಟ ಮುಂದೆ ನ್ಯೂರ್‌ಬರ್ಗ್‌ರಿಂಗ್‌ಗೆ ಹೋಗಿ, 1989ರಿಂದ ಬವೇರಿಯಾದ ಕಾಡಿನ ಸೊಲ್ಲಾ ಎಂಬಲ್ಲಿ ನಡೆಯುತ್ತ ಬಂದಿದೆ. ಯೋಚಿಸಿ ನೋಡಿ, ಹತ್ತು ವರ್ಷ ಹಿಂದೆ ಹೊಟ್ಟೆಪಾಡಿಗೆ ದಿನಾ ಮಾಡುತ್ತಿದ್ದ ಕೆಲಸ ಈಗ ವರ್ಷಕ್ಕೊಮ್ಮೆ ಮಾಡುವ ಸಾಹಸವಾಯಿತು. ಮಿಕ್ಕವರೆಲ್ಲ ಬೈಕು ಮಲಗಿಸುವುದು ಕಲಿತಿದ್ದರು.

ಇನ್ನೊಂದು ಕಾರಣ ಉಪ್ಪು. ಯುದ್ಧದ ನಂತರದ ದಶಕಗಳಲ್ಲಿ ಕಾರುಗಳು ಹೆಚ್ಚಿದಂತೆ ರಸ್ತೆಯ ಹಿಮ ಕರಗಿಸಲು ಉಪ್ಪು ಚೆಲ್ಲುವುದೂ ಹೆಚ್ಚಿತು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ. ಕಾರಿಗೆ ಅನುಕೂಲ. ಆದರೆ ಬೈಕಿನ ಮೈಯೆಲ್ಲ ಬಯಲು. ಚೈನು, ಕಡ್ಡಿ, ರಿಮ್ಮು, ಎಲ್ಲಕ್ಕೂ ಉಪ್ಪುನೀರಿನ ಅಭಿಷೇಕ. ಕಾರಿಗೆ ದಾರಿ ಮಾಡಿಕೊಟ್ಟ ಉಪ್ಪೇ ಬೈಕನ್ನು ರಸ್ತೆಯಿಂದ ಓಡಿಸಿತು. ಪಟ್ಟಿಯ ಮೊದಲ ಸಾಲು "ತೊಳೆ" ಅಂತ ಇರುವುದು ಅದಕ್ಕೇ.

ಕೊನೆಗೆ ಸರ್ಕಾರವೂ ಈ ನಿದ್ದೆಗೆ ಮೊಹರು ಒತ್ತಿತು. 1997ರಲ್ಲಿ ಜರ್ಮನಿಯಲ್ಲಿ ಸೀಸನ್ ನಂಬರ್ ಪ್ಲೇಟು ಬಂತು. ಪ್ಲೇಟಿನ ಬಲತುದಿಯಲ್ಲಿ ಎರಡು ಅಂಕಿ, ಒಂದರ ಮೇಲೊಂದು. 04 ಮತ್ತು 10 ಅಂತಿದ್ದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಅದಕ್ಕೆ ರಸ್ತೆಯ ಹಕ್ಕು, ಅಷ್ಟೇ ತಿಂಗಳ ತೆರಿಗೆ. ನವೆಂಬರ್ ಒಂದಕ್ಕೆ ಅದನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವುದಿರಲಿ, ನಿಲ್ಲಿಸುವಂತೆಯೂ ಇಲ್ಲ. ಡೈಮ್ಲರ್ ಕಾಲದಲ್ಲಿ ಇದಿದ್ದರೆ ದಂಡ ಬೀಳುತ್ತಿತ್ತು!

ರಟ್ಟಿನ ಮೇಲಿನ ಸಾಲುಗಳು

ಇನ್ನು ಪಟ್ಟಿಗೆ ಬರೋಣ. ಮೊದಲು ಬ್ಯಾಟರಿ. ಸೀಸ ಮತ್ತು ಗಂಧಕಾಮ್ಲದ ಈ ಡಬ್ಬಿಯನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ. ಆದರೆ ಬಹಳ ಕಾಲ ಎಷ್ಟೋ ಬೈಕುಗಳಿಗೆ ಬ್ಯಾಟರಿ ಬೇಕಾಗಿರಲಿಲ್ಲ. 1902ರ ಹೊತ್ತಿಗೆ ಇದೇ ಸ್ಟುಟ್‌ಗಾರ್ಟ್‌ನಲ್ಲಿ ರಾಬರ್ಟ್ ಬಾಷ್‌ನ ಕಾರ್ಖಾನೆಯ ಗಾಟ್‌ಲೋಬ್ ಹೊನೋಲ್ಡ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ರೂಪಿಸಿದ. ಕಿಕ್ ಹೊಡೆದರೆ ಅಯಸ್ಕಾಂತವೇ ಕಿಡಿ ಹುಟ್ಟಿಸುತ್ತಿತ್ತು. (ಇದೇ ಬಾಷ್ ಪರಿವಾರದ್ದು ನಮ್ಮ ಬೆಂಗಳೂರಿನ ಮೈಕೋ, 1951ರಲ್ಲಿ ಶುರುವಾದದ್ದು.) ಅಂಥ ಗಾಡಿಯನ್ನು ವರ್ಷ ಬಿಟ್ಟು ಒದ್ದರೂ ಕಿಡಿ ಬರುವ ಸಾಧ್ಯತೆ ಇತ್ತು. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಸುಖ ಬಂದ ಮೇಲೆ ಬ್ಯಾಟರಿ ಕೆಟ್ಟರೆ ಎಲ್ಲ ಕೆಟ್ಟಂತೆ.

ನನ್ನ ಬ್ಯಾಟರಿ ಸೀಳಿದ ಗುಟ್ಟೂ ಇಲ್ಲಿದೆ. ಪೂರ್ತಿ ಚಾರ್ಜ್ ಇರುವ ಬ್ಯಾಟರಿಯೊಳಗಿನ ಆಮ್ಲ ಸೊನ್ನೆಗಿಂತ 50 ಡಿಗ್ರಿ ಕೆಳಗೂ ಹೆಪ್ಪುಗಟ್ಟುವುದಿಲ್ಲ. ಚಾರ್ಜ್ ಇಳಿಯುತ್ತ ಹೋದಂತೆ ಆಮ್ಲದ ಅಂಶ ಸೀಸದ ತಟ್ಟೆಗಳಿಗೆ ಸೇರಿ ಉಳಿಯುವುದು ಬಹುಪಾಲು ನೀರು. ಆ ನೀರು ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಆಸುಪಾಸಿನಲ್ಲೇ ಮಂಜುಗಡ್ಡೆಯಾಗಿ ಹಿಗ್ಗಿ ಡಬ್ಬಿ ಒಡೆಯುತ್ತದೆ. ಅಂದರೆ ಬ್ಯಾಟರಿಯನ್ನು ಕೊಂದದ್ದು ಚಳಿಯಲ್ಲ, ಅದನ್ನು ಖಾಲಿಯಾಗಲು ಬಿಟ್ಟ ನಾನು.

ಆಯಿಲ್ ಕಥೆ ನಮಗೆ ಹತ್ತಿರದ್ದು. ಕ್ಯಾಸ್ಟ್ರಾಲ್ ಎಂಬ ಹೆಸರು 1909ರಲ್ಲಿ ಹುಟ್ಟಿದ್ದು ಕ್ಯಾಸ್ಟರ್‌ನಿಂದ, ಅಂದರೆ ನಮ್ಮ ಹರಳೆಣ್ಣೆಯಿಂದ! ರೇಸ್ ಇಂಜಿನ್ನುಗಳಿಗೆ ಹರಳೆಣ್ಣೆಯ ಆಯಿಲ್ ಬಲು ಚೆನ್ನ. ಆದರೆ ಒಳಗೇ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಿದರೆ ಅಂಟಾಗಿ ಕೂರುತ್ತದೆ. ಈಗಿನ ಆಯಿಲ್ ಅಂಟಾಗುವುದಿಲ್ಲ, ಆದರೆ ಓಡಿಸಿದ ಆಯಿಲ್‌ನಲ್ಲಿ ಉರಿದ ಇಂಧನದ ಆಮ್ಲವೂ ತೇವವೂ ಸೇರಿರುತ್ತವೆ. ಐದು ತಿಂಗಳು ಅದರಲ್ಲಿ ನೆನೆದರೆ ಬೇರಿಂಗು ತುಕ್ಕು ಹಿಡಿಯುತ್ತದೆ. ಅದಕ್ಕೇ ಮಲಗಿಸುವ ಮೊದಲು ಹೊಸ ಆಯಿಲ್, ಎಬ್ಬಿಸಿದ ಮೇಲಲ್ಲ.

ವ್ಯಾಸಲೀನ್‌ಗೆ ಅಮೆರಿಕದ ರಾಬರ್ಟ್ ಚೆಸ್‌ಬ್ರೋ ಪೇಟೆಂಟ್ ಪಡೆದದ್ದು 1872ರಲ್ಲಿ. ಅಂದರೆ ಪಟ್ಟಿಯ ಈ ಒಂದು ಸಾಮಾನು ಬೈಕಿಗಿಂತಲೇ ಹಿರಿಯದು.

ಎಲ್ಲಕ್ಕಿಂತ ಜಗಳದ ಸಾಲು ಪೆಟ್ರೋಲಿನದು. ಖಾಲಿ ಮಾಡಬೇಕೋ, ತುಂಬಿಸಬೇಕೋ? ಖಾಲಿ ಮಾಡಿದರೆ ಬೆಂಕಿಯ ಭಯವಿಲ್ಲ, ಹಳಸಿದ ಪೆಟ್ರೋಲು ಗೋಂದಿನಂತಾಗಿ ಕಾರ್ಬುರೇಟರಿನ ಸಣ್ಣ ತೂತು ಮುಚ್ಚುವ ಕಾಟವೂ ಇಲ್ಲ. ಆದರೆ ಖಾಲಿ ಉಕ್ಕಿನ ಟ್ಯಾಂಕಿನೊಳಗೆ ಗಾಳಿ ಇರುತ್ತದೆ, ಗಾಳಿಯಲ್ಲಿ ತೇವ ಇರುತ್ತದೆ. ರಾತ್ರಿ ತಣ್ಣಗಾದಾಗ ಒಳಗೋಡೆ ಬೆವರಿ ತುಕ್ಕು ಹಿಡಿಯುತ್ತದೆ. ತುಂಬಿಸಿದರೆ ಗಾಳಿಗೆ ಜಾಗವೇ ಇಲ್ಲ. ಅಷ್ಟರಲ್ಲಿ ಇಥನಾಲ್ ಬಂತು. ಜರ್ಮನಿಯಲ್ಲಿ 2011ರಿಂದ 10 ಶೇಕಡಾ ಇಥನಾಲ್ ಇರುವ ಪೆಟ್ರೋಲು ಸಿಗುತ್ತಿದೆ. ಇಥನಾಲ್ ತೇವ ಹೀರುತ್ತದೆ, ಚಳಿ ಹೆಚ್ಚಿದಂತೆ ಆ ನೀರನ್ನು ಹಿಡಿದಿಡುವ ಶಕ್ತಿ ಕಳೆದುಕೊಳ್ಳುತ್ತದೆ. ಆಗ ನೀರೂ ಇಥನಾಲೂ ಒಟ್ಟಿಗೆ ತಳಕ್ಕೆ ಇಳಿಯುತ್ತವೆ. ಹಾಗಾಗಿ ಅಜ್ಜನ ರಟ್ಟಿನಲ್ಲಿ "ಟ್ಯಾಂಕು ತುಂಬಿಸು" ಎಂಬುದರ ಪಕ್ಕ ಬೇರೆ ಪೆನ್ನಿನಲ್ಲಿ "ಇಥನಾಲ್ ಕಡಿಮೆ ಇರುವುದು" ಅಂತ ಆಮೇಲೆ ಸೇರಿಸಿದ್ದು ಕಾಣುತ್ತದೆ.

ಚಳಿಗೆ ಸಂಬಂಧವೇ ಇಲ್ಲದ ಒಂದು ದೊಡ್ಡ ನಿದ್ದೆಯೂ ಈ ವಿದ್ಯೆಯನ್ನು ಕಲಿಸಿತು. 1939ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಪೆಟ್ರೋಲಿಗೆ ರೇಷನ್ ಹಾಕಿತು. 1942ರ ಜುಲೈನಲ್ಲಿ ಖಾಸಗಿಯವರಿಗೆ ಕೊಡುತ್ತಿದ್ದ ಮೂಲ ರೇಷನ್ನೂ ನಿಂತಿತು. ಮತ್ತೆ ಕೊಟ್ಟಿದ್ದು 1945ರ ಜೂನ್‌ನಲ್ಲಿ. ಆ ಮೂರು ವರ್ಷ ಎಷ್ಟೋ ಬೈಕುಗಳು ಚಕ್ರ ನೆಲಕ್ಕೆ ತಾಗದಂತೆ ಮರದ ದಿಮ್ಮಿಯ ಮೇಲೆ ಕೂತಿದ್ದವು. ಒಡೆಯ ಯುದ್ಧಕ್ಕೆ ಹೋಗಿರುತ್ತಿದ್ದ. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿಗೆ ನಾಲ್ಕು ಹನಿ ಆಯಿಲ್ ಬಿಟ್ಟು ಮೆಲ್ಲಗೆ ತಿರುಗಿಸಿ ಇಡುವುದು, ಪಿಸ್ಟನ್ ಕಚ್ಚಿಕೊಳ್ಳಬಾರದು ಅಂತ. ವಾಪಸು ಬರುತ್ತೇನೆ ಎಂದು ನಂಬಿದವರು ಮಾತ್ರ ಮಾಡುವ ಕೆಲಸ ಅದು.

ಮೈಸೂರಿನ ಹಿತ್ತಲಲ್ಲಿ

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ನಮ್ಮ ಮನೆಯ ಹಿತ್ತಲಲ್ಲಿ ಅಪ್ಪನ ಯಜ್ದಿ ನಿಂತಿದೆ. ಯಜ್ದಿಯ ಮೂಲ ನಿಮಗೆ ಗೊತ್ತಿರಬಹುದು. ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಬೈಕಿನ ಹಕ್ಕು ಕೊಂಡು, ಎರಡು ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಜಾವಾ ಮಾಡಿದ. ಹಿಮ ಬೀಳುವ ನಾಡಿನ ಆ ಗಾಡಿ 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಯಿತು. 1973ರಿಂದ ಯಜ್ದಿ ಎಂಬ ಹೆಸರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಲಿವರಿನಲ್ಲಿ ಕಿಕ್ಕೂ ಗೇರೂ ಇರುವ, ಎರಡು ಸೈಲೆನ್ಸರಿನ ಆ ಗಾಡಿಯ ಸದ್ದು ಕೇಳಿಯೇ ನಾನೂ ತಂಗಿಯೂ ಪುಸ್ತಕ ಹಿಡಿಯುತ್ತಿದ್ದೆವು.

ಮಂಡಿನೋವು ಜಾಸ್ತಿಯಾಗಿ ಅಪ್ಪ 2011ರಲ್ಲಿ ಗಾಡಿ ನಿಲ್ಲಿಸಿದರು. 2016ರಲ್ಲಿ ಅವರೇ ಹೋದರು. ಕಳೆದ ವರ್ಷ ಅಮ್ಮ ಫೋನಿನಲ್ಲಿ, "ಗುಜರಿಯವನು ಮೂರು ಸಲ ಬಂದು ಕೇಳಿದ ಕಣೋ, ಕೊಟ್ಟುಬಿಡ್ಲಾ? ತೂಕಕ್ಕೆ ತಗೋತಾನಂತೆ" ಅಂದರು. ನಾನು ಡಿಸೆಂಬರ್‌ಗೆ ಬಂದು ನೋಡುತ್ತೇನೆ ಅಂದೆ. ಮನಸ್ಸಿನಲ್ಲಿ ಮಾತ್ರ ಕೊಟ್ಟಾಯಿತು ಅಂತಲೇ ಇತ್ತು. ಅಪ್ಪ ಅದನ್ನು ಸುಮ್ಮನೆ ಬಿಟ್ಟುಬಿಟ್ಟರು, ಕೊಳೆಯಿತು ಅಂತಲೇ ಇಷ್ಟು ವರ್ಷ ನಂಬಿದ್ದೆ.

ಹಿತ್ತಲಿಗೆ ಹೋಗಿ ಮೊದಲು ಹೊದಿಕೆ ತೆಗೆದೆ. ಪ್ಲಾಸ್ಟಿಕ್ ಅಲ್ಲ, ಹಳೇ ಜಮಖಾನ. ಗಾಡಿ ಸೆಂಟರ್ ಸ್ಟ್ಯಾಂಡಿನ ಮೇಲೆ, ಸ್ಟ್ಯಾಂಡಿನ ಅಡಿ ಹಲಗೆ. ಬ್ಯಾಟರಿ ಜಾಗ ಖಾಲಿ. ಎರಡೂ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿತ್ತು. ಕಾರ್ಬುರೇಟರ್ ಬಿಚ್ಚಿದರೆ ಒಣಗಿ ಸ್ವಚ್ಛವಾಗಿತ್ತು. ಪ್ಲಗ್ ಬಿಚ್ಚಿ ಬೆರಳು ಹಾಕಿದೆ, ಬೆರಳಿಗೆ ಕಪ್ಪು ಎಣ್ಣೆ ಹತ್ತಿತು. ಎದೆ ಧಸಕ್ಕೆಂದಿತು. ಉಸಿರು ಬಿಗಿಹಿಡಿದು ಕಿಕ್ ಮೇಲೆ ಕಾಲಿಟ್ಟು ಒತ್ತಿದೆ. ಇಂಜಿನ್ ಕಚ್ಚಿರಲಿಲ್ಲ. ಅಷ್ಟು ವರ್ಷದ ಮೇಲೂ ಪಿಸ್ಟನ್ ಮೆತ್ತಗೆ ಕೆಳಗಿಳಿಯಿತು.

ಟ್ಯಾಂಕು ಮಾತ್ರ ಒಳಗೆಲ್ಲ ತುಕ್ಕು. ಅಪ್ಪ ಅದನ್ನು ಖಾಲಿ ಮಾಡಿ ಇಟ್ಟಿದ್ದರು. ಹಿತ್ತಲಲ್ಲಿ ಬಚ್ಚಲ ಒಲೆ ಉರಿಯುತ್ತಿದ್ದ ಮನೆ, ಬೆಂಕಿಗೆ ಹೆದರಿದ್ದಾರೆ. ಅವರ ಪಟ್ಟಿಗೂ ಒಂದು ತಾರೀಖಿತ್ತು ಅಷ್ಟೇ. ನನ್ನ ಅಜ್ಜನ ರಟ್ಟು ಅವರ ಕೈಗೆ ಸಿಕ್ಕಿರಲಿಲ್ಲ. ಯಾರು ಹೇಳಿಕೊಟ್ಟರೋ, ಯಾವ ಮೆಕ್ಯಾನಿಕ್ಕೋ, ಕೇಳೋಣವೆಂದರೆ ಅವರಿಲ್ಲ. ನನಗೆ ತಿಳಿದದ್ದಿಷ್ಟೇ: ಅವರು ಗಾಡಿಯನ್ನು ಬಿಟ್ಟುಹೋಗಿರಲಿಲ್ಲ. ಯಾರೋ ಎಬ್ಬಿಸುತ್ತಾರೆ ಅಂತ ಮಲಗಿಸಿದ್ದರು. ಮನೆಯಲ್ಲಿ ಆ ಗಾಡಿ ಓಡಿಸಲು ಬರುತ್ತಿದ್ದದ್ದು ಇನ್ನೊಬ್ಬನಿಗೆ ಮಾತ್ರ.

ಸೈಲೆನ್ಸರಿನಿಂದ ತೆಗೆದ ಬಟ್ಟೆಯನ್ನು ಅಮ್ಮ ಕೈಗೆ ತೆಗೆದುಕೊಂಡು ನೋಡಿದರು. "ಇದು ನನ್ನ ಹಸಿರು ಸೀರೆ ಕಣೋ. ಹುಡುಕಿ ಹುಡುಕಿ ಸಾಕಾಗಿತ್ತು. ಕೇಳಿದ್ರೆ ನಂಗೊತ್ತಿಲ್ಲ ಅಂದಿದ್ರು ನಿಮ್ಮಪ್ಪ" ಅಂದರು. ಗುಜರಿಯವನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಈಗ ಟ್ಯಾಂಕು ಒಬ್ಬ ಹಳೇ ಮೆಕ್ಯಾನಿಕ್ಕರ ಹತ್ತಿರ ತೊಳೆಸಿಕೊಳ್ಳುತ್ತಿದೆ. ನಮ್ಮಲ್ಲಿ ಹಿಮವಿಲ್ಲದಿದ್ದರೂ ಮಳೆಗಾಲದ ತೇವ ಇದೆ, 2023ರಿಂದ 20 ಶೇಕಡಾ ಇಥನಾಲಿನ ಪೆಟ್ರೋಲೂ ಬಂದಿದೆ, ಹಾಗಾಗಿ ತುಂಬಿಸಿ ಮರೆತುಬಿಡುವಂತೆಯೂ ಇಲ್ಲ. ಅಜ್ಜನ ರಟ್ಟನ್ನು ಕನ್ನಡಕ್ಕೆ ಬರೆದು, ಅಪ್ಪನ ಎರಡು ಸಾಲು ಸೇರಿಸಿ, ತಂಗಿಗೆ ಕಳಿಸಿದ್ದೇನೆ. ಮುಂದಿನ ಆಯುಧಪೂಜೆಗೆ ನಾನು ಊರಿನಲ್ಲಿರುತ್ತೇನೆ. ನಿಂಬೆಹಣ್ಣು ತಂದಿಡಲು ಅಮ್ಮನಿಗೆ ಹೇಳಿದ್ದೇನೆ.

ನಿಮ್ಮ ಹಿತ್ತಲಲ್ಲೂ ಹೀಗೆ ಯಾವುದಾದರೂ ಗಾಡಿ ನಿಂತಿದ್ದರೆ, ತೂಕಕ್ಕೆ ಹಾಕುವ ಮುಂಚೆ ಒಮ್ಮೆ ಪ್ಲಗ್ ಬಿಚ್ಚಿ ಬೆರಳು ಹಾಕಿ ನೋಡಿ. ಏನು ಸಿಕ್ಕಿತು ಅಂತ ಇಲ್ಲಿ ಬರೆಯಿರಿ.